ಕೆರೆ ಮೀನನ್ನ ಬಯ್ಯೋದು ಬಿಡಿ, ಕೆರೆಗೆ ಸುರಿಯೋದು ನಿಲ್ಲಿಸ್ರಿ

ಕೆರೆ ಮೀನಲ್ಲಿ ಸೀಸ ಐತಂತೆ, ಪಾದರಸ ಐತಂತೆ, ತಿಂದ್ರೆ ನರ ಬಿದ್ದೋಗ್ತವಂತೆ. ಅದ್ಕೆ ಊರ ಮೀನು ಬಿಟ್ಟು ಪೇಟೆಯ ಪ್ಯಾಕೆಟ್ ಮೀನು ತಗಳ್ರಿ, ಇಲ್ಲದಿದ್ರೆ ಮೀನೆಣ್ಣೆ ಮಾತ್ರೆ ನುಂಗ್ರಿ. ಈ ಮಾತು ಈಗ ನಮ್ಮ ನೆಂಟರಿಷ್ಟರ ಫೋನಿಂದ ಫೋನಿಗೆ ಓಡಾಡ್ತಾ ಐತೆ. ಕಳಿಸೋರು ಕೆಟ್ಟೋರಲ್ಲ. ಬೆಂಗ್ಳೂರು, ಶಿವಮೊಗ್ಗ ಸೇರಿರೋ ನಮ್ಮ ಮಕ್ಕಳು, ಸೊಸೇರು, ನಾದಿನೀರು. ಅವ್ವ ಅತ್ತೆ ಚೆನ್ನಾಗಿರ್ಲಿ ಅಂತಾನೇ ಕಳಿಸ್ತಾರೆ. ಆದ್ರೆ ಆ ಮಾತಲ್ಲಿ ಅರ್ಧ ನಿಜ, ಅರ್ಧ ಬರೀ ಹೆದರಿಕೆ. ನಿಜ ಮೆಲ್ಲಗೆ ಮಾತಾಡ್ತೈತೆ, ಹೆದರಿಕೆ ತಮಟೆ ಹೊಡೀತೈತೆ.

ನಾನು ಪಿಯುಸಿ ಓದಿದೋಳು. ಡಾಕ್ಟ್ರಲ್ಲ, ವಿಜ್ಞಾನಿ ಅಲ್ಲ. ಆದ್ರೆ ಮೂವತ್ತು ವರ್ಷದಿಂದ ದೇವನೂರಲ್ಲಿ ಮೀನು ಉಜ್ಜಿ, ಹೆಚ್ಚಿ, ಸಾರು ಕಾಸಿ ಮುದ್ದೆ ಜತೆ ಬಡಿಸ್ತಿರೋಳು. ನನ್ನ ಒಲೆ ಮೇಲೆ ಕುದಿಯೋದ್ರಲ್ಲಿ ಏನೈತೆ ಅಂತ ತಿಳ್ಕಳೋ ಹಕ್ಕು ನಂಗೂ ಐತೆ. ಅದ್ಕೆ ಸಿಕ್ಕಿದ್ದನ್ನೆಲ್ಲ ಓದ್ದೆ, ತಿಳಿದೋರನ್ನ ಕೇಳ್ದೆ. ಓದಿದ ಮೇಲೆ ನಂಗೆ ಮೀನಿನ ಮೇಲೆ ಸಿಟ್ಟು ಬರ್ಲಿಲ್ಲ. ಬಂದಿದ್ದು ನಮ್ಮ ಮೇಲೆ, ನಮ್ಮ ಪಂಚಾಯ್ತಿಗಳ ಮೇಲೆ, ಕೆರೆ ಅಂದ್ರೆ ತಿಪ್ಪೆ ಅಂದ್ಕಂಡಿರೋರ ಮೇಲೆ.

ಮೊದ್ಲು ನಿಜದ ಭಾಗ ಹೇಳ್ತೀನಿ. ಪಾದರಸ, ಸೀಸ, ಕ್ಯಾಡ್ಮಿಯಂ, ಇವು ಭಾರದ ಲೋಹಗಳು. ಇವಕ್ಕೆ ಸಾವಿಲ್ಲ. ಸೊಪ್ಪು ಸದೆ ಕೊಳೆತು ಗೊಬ್ಬರ ಆಗ್ತೈತೆ, ಸೀಸ ಕೊಳೆಯಲ್ಲ. ಕೆರೆಗೆ ಒಂದು ಸಲ ಬಿತ್ತೂ ಅಂದ್ರೆ ತಳದ ಹೂಳಲ್ಲಿ ಕೂತಿರ್ತೈತೆ. ಅದರಲ್ಲೂ ಪಾದರಸದ್ದು ಬೇರೆ ಕಥೆ. ಕೆಸರಲ್ಲಿರೋ ಸೂಕ್ಷ್ಮಜೀವಿಗಳು ಅದನ್ನ ಮೀಥೈಲ್ ಪಾದರಸ ಅನ್ನೋ ರೂಪಕ್ಕೆ ತಿರುಗಿಸ್ತವೆ. ಆ ರೂಪದಲ್ಲಿ ಅದು ಪಾಚಿಗೆ ಸೇರ್ತೈತೆ, ಪಾಚಿ ತಿನ್ನೋ ಹುಳಕ್ಕೆ ಸೇರ್ತೈತೆ, ಹುಳ ತಿನ್ನೋ ಸಣ್ಣ ಮೀನಿಗೆ, ಸಣ್ಣ ಮೀನು ತಿನ್ನೋ ದೊಡ್ಡ ಮೀನಿಗೆ. ಒಂದೊಂದು ಮೆಟ್ಟಿಲು ಹತ್ತಿದಂಗೆಲ್ಲ ಜಾಸ್ತಿ ಆಗ್ತಾ ಹೋಗ್ತೈತೆ. ಕೊನೇ ಮೆಟ್ಟಿಲಲ್ಲಿ ತಟ್ಟೆ ಇಟ್ಕಂಡು ಕೂತಿರೋರು ನಾವು.

ಇದು ಕಟ್ಟುಕಥೆ ಅಲ್ಲ. ಜಪಾನಿನ ಮಿನಮಾಟ ಅನ್ನೋ ಊರಲ್ಲಿ ಒಂದು ಕಾರ್ಖಾನೆ ವರ್ಷಾನುಗಟ್ಲೆ ಪಾದರಸದ ನೀರನ್ನ ಕೊಲ್ಲಿಗೆ ಬಿಡ್ತು. ಮೊದ್ಲು ಹುಚ್ಚು ಹಿಡಿದಂಗೆ ಕುಣಿದು ಸತ್ತಿದ್ದು ಬೆಕ್ಕುಗಳು. ಆಮೇಲೆ ಮನುಷ್ಯರು. 1956ರಲ್ಲಿ ಕಾಯಿಲೆ ಅಂತ ಗುರುತಿಸಿದ್ರು. ಅಲ್ಲಿ ಎಷ್ಟೋ ತಾಯಂದಿರಿಗೆ ಮೇಲ್ನೋಟಕ್ಕೆ ಏನೂ ಆಗಿರ್ಲಿಲ್ಲ, ಹುಟ್ಟಿದ ಕೂಸಿಗೆ ಕೈಕಾಲು ಸ್ವಾಧೀನ ಇರ್ಲಿಲ್ಲ. ತಾಯಿ ತಿಂದ ಪಾದರಸ ಮಾಸು ದಾಟಿ ಮಗುವಿನ ಮೆದುಳಿಗೆ ಹೋಗಿತ್ತು. ಅದೇ ದೇಶದ ತೊಯಾಮ ಕಡೆ ಜಿಂಜು ಅನ್ನೋ ಹೊಳೆಗೆ ಗಣಿಯಿಂದ ಕ್ಯಾಡ್ಮಿಯಂ ಸೇರಿ, ಆ ನೀರಲ್ಲಿ ಬೆಳೆದ ಅಕ್ಕಿ ತಿಂದೋರ ಮೂಳೆ ಪುಡಿಪುಡಿ ಆಯ್ತು. ಹೆಚ್ಚು ನರಳಿದೋರು ನಮ್ಮ ವಯಸ್ಸಿನ ಹೆಂಗಸರು, ನಾಕೈದು ಹೆತ್ತೋರು. ಅವರ ನರಳಾಟಾನೇ ಆ ಕಾಯಿಲೆಗೆ ಹೆಸರಾಯ್ತು, ಇತಾಯ್ ಇತಾಯ್. ಅಂದ್ರೆ ಅಯ್ಯೋ ನೋವು, ಅಯ್ಯೋ ನೋವು.

ದೂರದ್ದು ಯಾಕೆ? ನಮ್ಮ ಕಾರವಾರದ ಹತ್ರ ಕಾಸ್ಟಿಕ್ ಸೋಡಾ ಕಾರ್ಖಾನೆ ಇತ್ತಲ್ಲ, ಅದರ ಸುತ್ತಿನ ಕಡಲಲ್ಲಿ ಪಾದರಸ ಐತೆ ಅಂತ ಕೇಂದ್ರದ ಕಡಲ ಮೀನು ಸಂಶೋಧನಾ ಸಂಸ್ಥೆಯೋರು 1990ರಲ್ಲೇ ಬರೆದು ಪ್ರಕಟಿಸಿದ್ರು. ಉಪ್ಪುನೀರಿಂದ ಸೋಡಾ ತೆಗೆಯೋಕೆ ಆಗ ಪಾದರಸ ಬಳಸ್ತಿದ್ರು. ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು, ಆಮೇಲೆ ಆ ಊರ ಕೆರೆ ಮೀನಲ್ಲೂ ಪಾದರಸ ಸಿಕ್ತು. ನಮ್ಮ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಡ್ಯಾಮಿಂದ ಇಳಿದ ಭದ್ರೆ ಕೂಡ್ಲಿಲಿ ತುಂಗೆ ಸೇರ್ಕಂಡು ಹರಿಹರಕ್ಕೆ ಹೋಗ್ತಾಳೆ. ಅಲ್ಲಿ 1984ರಲ್ಲಿ ಕಾರ್ಖಾನೆ ನೀರಿಂದ ಮೀನು ರಾಶಿ ರಾಶಿ ಸತ್ತು ತೇಲಿದ್ವು, ಹೊಳೆ ಉಳಿಸ್ರಿ ಅಂತ ಸಮಾಜ ಪರಿವರ್ತನ ಸಮುದಾಯದೋರು ದೊಡ್ಡ ಹೋರಾಟ ಮಾಡಿದ್ರು. ಇದೇ ಭದ್ರೆ ಹುಟ್ಟೋ ಕುದುರೆಮುಖದ ಗಣಿ ನಿಲ್ಸೋಕೆ ಸುಪ್ರೀಂ ಕೋರ್ಟೇ ಹೇಳಬೇಕಾಯ್ತು, 2005ರ ಕೊನೆಗೆ ನಿಂತಿತು.

ಇವೆಲ್ಲದ್ರಲ್ಲೂ ಒಂದು ಮಾತು ಗಮನಿಸ್ರಿ. ಎಲ್ಲೂ ತಪ್ಪು ಮೀನಿಂದಲ್ಲ. ನೀರಿಗೆ ಸುರಿದೋರದ್ದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರು ಅನ್ನೋ ಹಂಗೆ, ನಾವು ಸುರಿದೋನನ್ನ ಬಿಟ್ಟು ಮೀನಿಗೆ ಬರೆ ಎಳೀತಾ ಇದ್ದೀವಿ.

ಈ ಬರೆ ಎಳೆಯೋ ಚಾಳಿ ನಮ್ಮ ಕಡೆ ಹಳೇದು. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ ಹೆಸರು ನಮ್ಮ ವಯಸ್ಸಿನೋರಿಗೆಲ್ಲ ಗೊತ್ತು. 1974-75ರ ಸುಮಾರಿಗೆ ಸುದ್ದಿ ಆಯ್ತು. ಕೂಲಿನಾಲಿ ಮಾಡೋ ಬಡವರ ಮನೇಲಿ ಸೊಂಟ, ಮಂಡಿ ಕೀಲು ಹಿಡ್ಕಂಡು ಜನ ಗಿಡ್ಡಾಗಿ, ಬಾಗಿ, ತೆವಳೋ ಹಂಗಾದ್ರು. ನಮ್ಮ ಚಿಕ್ಕಮಗಳೂರು ಜಿಲ್ಲೇಲೂ ಕಂಡ್ತು. ಆಗ ಎಲ್ಲಾರೂ ಬೆರಳು ತೋರ್ಸಿದ್ದು ಅವರ ತಟ್ಟೆ ಕಡೆ. ಔಷಧಿ ಹೊಡೆದ ಗದ್ದೆ ಏಡಿ, ಮೀನು ತಿಂದು ಹಿಂಗಾಯ್ತು ಅಂದ್ರು. ಮುಂದೆ ವೈದ್ಯ ಸಂಶೋಧಕರು ಮನೆತನ ಮನೆತನ ಹುಡುಕಿ ನೋಡಿ, ಇದು ವಂಶದಲ್ಲಿ ಹರಿದು ಬರೋ ಮೂಳೆ ಕೀಲಿನ ಕಾಯಿಲೆ ಅಂತ ಕಂಡುಹಿಡಿದ್ರು. ಗದ್ದೆಗೆ ಹೊಡೆದ ಔಷಧಿ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಪರೀಕ್ಷೆ ಮಾಡೋಕೆ ಮುಂಚೆ ಬಡವರ ಊಟಕ್ಕೆ ತೀರ್ಪು ಕೊಡಬ್ಯಾಡ್ರಿ ಅಂತ ಹೇಳ್ತಿದ್ದೀನಿ.

ಯಾಕಂದ್ರೆ ಇಲ್ಲಿ ತೀರ್ಪಿಗೆ ಬೆಲೆ ಐತೆ. ಕೆರೆ ಹಿಡಿದ ದಿನ ಇನ್ನೂರು ರೂಪಾಯಿ ಒಳಗೆ ಒಂದು ಕೆಜಿ ಕಾಟ್ಲಾ ಸಿಗ್ತೈತೆ, ಮನೆ ಮಂದಿಗೆಲ್ಲ ಎರಡು ಹೊತ್ತಿಗೆ ಆಗ್ತೈತೆ. ಅದನ್ನ ಬಿಡಿಸಿ ಅವಳ ಕೈಗೆ ಏನು ಕೊಡ್ತೀರಿ? ಒಂದು ಡಬ್ಬಿ ಮೀನೆಣ್ಣೆ ಮಾತ್ರೆ ದುಡ್ಡಲ್ಲಿ ಅವಳು ಮೂರು ವಾರ ಮೀನು ತರ್ತಾಳೆ. ಮಾತ್ರೇಲಿ ಎಣ್ಣೆ ಐತೆ, ಮೀನಲ್ಲಿರೋ ಮಾಂಸದ ಸತ್ವ ಇಲ್ಲ. ಕೆಜಿಗೆ ಎಂಟ್ನೂರು ಕೊಟ್ಟು ಅಂಜಲ್ ತರೋರಿಗೆ ಕೆರೆ ಮೀನು ಬಿಡೋದು ಒಂದು ಮಾತು. ಕೂಲಿ ಮಾಡಿ ಬಂದು ಒಲೆ ಹಚ್ಚೋಳಿಗೆ ಅದು ಮಕ್ಕಳ ತಟ್ಟೆ ಖಾಲಿ ಆಗೋ ಮಾತು.

ಇನ್ನು ಅಂಜಲ್ ವಿಚಾರಕ್ಕೆ ಬರ್ತೀನಿ. ದೊಡ್ಡ ಮೀನು, ದುಬಾರಿ ಮೀನು, ಕಡಲ ಮೀನು ಶ್ರೇಷ್ಠ, ಅದ್ರಲ್ಲಿ ವಿಷ ಇರಲ್ಲ ಅನ್ನೋದು ನಮ್ಮಲ್ಲಿ ಬೇರೂರಿರೋ ಡೌಲು. ನಿಜ ತಿರುವುಮುರುವು. ಪಾದರಸ ಮೆಟ್ಟಿಲು ಹತ್ತಿ ಸೇರೋದು ದೊಡ್ಡ, ವಯಸ್ಸಾದ, ಬೇರೆ ಮೀನು ತಿನ್ನೋ ಮೀನಿಗೆ. ತಿಮಿಂಗಿಲದಂಗೆ ಬಾಯಿ ಬಿಡೋ ಶಾರ್ಕು, ದೊಡ್ಡ ಟ್ಯೂನಾ, ಕಿಂಗ್ ಮ್ಯಾಕೆರೆಲ್ ಇವನ್ನ ಬಸುರಿಯರು ತಿನ್ನಬಾರದು ಅಂತ ಅಮೆರಿಕದ ಆಹಾರ ಇಲಾಖೆ ಪಟ್ಟಿ ಹಾಕೈತೆ. ಆ ಕಿಂಗ್ ಮ್ಯಾಕೆರೆಲ್ ಯಾರು ಗೊತ್ತಾ? ನಮ್ಮ ಅಂಜಲಿನ ದಾಯಾದಿ, ಒಂದೇ ಕುಲ. ಅದೇ ಇಲಾಖೆ ಬಸುರಿಯರಿಗೆ ಮೀನೇ ಬಿಡಿ ಅಂತ ಎಲ್ಲೂ ಹೇಳಿಲ್ಲ. ಪಾದರಸ ಕಮ್ಮಿ ಇರೋ ಮೀನನ್ನ ವಾರಕ್ಕೆ 225ರಿಂದ 340 ಗ್ರಾಂ ತಿನ್ರಿ, ಮಗುವಿನ ಮೆದುಳಿಗೆ ಒಳ್ಳೇದು ಅಂತಾನೇ ಹೇಳೈತೆ. ಹಂಗೆ ತಿನ್ನಬಹುದಾದ ಪಟ್ಟೀಲಿ ಬೂತಾಯಿ ಜಾತಿ ಮೀನು ಐತೆ, ನಾವು ಮೂಗು ಮುರಿಯೋ ಜಿಲೇಬಿ ಮೀನೂ ಐತೆ.

ನಮ್ಮ ದೇಶದ ಕಾನೂನು ನೋಡ್ರಿ. ಸಾಮಾನ್ಯ ಮೀನಲ್ಲಿ ಪಾದರಸ ಕೆಜಿಗೆ 0.5 ಮಿಲಿಗ್ರಾಂ ಮೀರಬಾರದು. ಬೇಟೆಯಾಡೋ ಮೀನಿಗೆ 1 ಮಿಲಿಗ್ರಾಂವರೆಗೂ ಬಿಟ್ಟವ್ರೆ. ಬೇಟೆ ಮೀನಲ್ಲಿ ಜಾಸ್ತಿ ಇರ್ತೈತೆ ಅಂತ ಕಾನೂನು ಮಾಡೋರಿಗೇ ಗೊತ್ತು, ಮದುವೆ ಬೀಗರೂಟಕ್ಕೆ ದೊಡ್ಡ ಮೀನೇ ಬೇಕು ಅನ್ನೋ ನಮಗೆ ಗೊತ್ತಿಲ್ಲ.

ಹಂಗಾದ್ರೆ ಕಾಡು ಮೀನು ಒಳ್ಳೇದೋ, ಸಾಕಿದ ಮೀನು ಒಳ್ಳೇದೋ? ಇದು ಎರಡನೇ ಜಗಳ. ತಾನಾಗಿ ಹುಟ್ಟಿ ಬೆಳೆದ ಕೊರಮೀನು, ಬಾಳೆಮೀನು, ಹಾವುಮೀನು ಶುದ್ಧ, ಮರಿ ಬಿಟ್ಟು ಸಾಕಿದ ಕಾಟ್ಲಾ ರೋಹು ಬರೀ ಗೊಬ್ಬರ ತಿಂದಿದ್ದು ಅಂತ ನಮ್ಮ ಯಜಮಾನ್ರ ಕಡೆ ಹಿರಿಯರು ಈಗ್ಲೂ ವಾದ ಮಾಡ್ತಾರೆ. ರುಚಿ ವಿಚಾರಕ್ಕೆ ನಾನೂ ಅವರ ಪಕ್ಷ. ಆದ್ರೆ ಪಾದರಸದ ವಿಚಾರಕ್ಕೆ ಅಲ್ಲ. ಕಾಟ್ಲಾ, ರೋಹು ಎಂಟ್ಹತ್ತು ತಿಂಗಳಲ್ಲಿ ಬಲೆಗೆ ಬೀಳ್ತವೆ, ತಿನ್ನೋದು ಪಾಚಿ, ತೌಡು, ಹಿಂಡಿ. ಕೊರಮೀನು, ಬಾಳೆಮೀನು ಬೇರೆ ಮೀನನ್ನ ನುಂಗಿ ವರ್ಷಗಟ್ಲೆ ಬದುಕ್ತವೆ. ಒಂದೇ ಕೆರೆ, ಒಂದೇ ನೀರು ಅಂದ್ರೂ ಪಾದರಸ ಕೂಡಿ ಹಾಕೋಕೆ ಟೈಮು ಸಿಗೋದು ಈ ಕಾಡು ಮೀನಿಗೆ. ಬಾಣಂತಿಗೆ ಕೊರಮೀನು ಒಳ್ಳೇದು ಅನ್ನೋದು ನಮ್ಮ ಕಡೆ ಮಾತು. ಕೊಡ್ರಿ, ಬ್ಯಾಡ ಅನ್ನಲ್ಲ. ಮೊಣಕೈ ಉದ್ದದ್ದು ಬ್ಯಾಡ, ಎಳೇದು ಕೊಡ್ರಿ. ಕೊಳಚೆ ಸೇರೋ ಕೆರೇದು ಬ್ಯಾಡವೇ ಬ್ಯಾಡ.

ಸಾಕಿದ್ರಲ್ಲೂ ಭೇದ ಐತೆ. ಕಾಟ್ಲಾ ಮೇಲ್ ನೀರಲ್ಲಿ ಮೇಯ್ತೈತೆ, ರೋಹು ನಡು ನೀರಲ್ಲಿ, ಮೃಗಾಲ್ ಮತ್ತೆ ಸಾಮಾನ್ಯ ಗೆಂಡೆ ತಳದ ಕೆಸರು ಕೆದಕಿ ತಿಂತವೆ. ಸೀಸ, ಕ್ಯಾಡ್ಮಿಯಂ ಕೂತಿರೋದು ತಳದ ಕೆಸರಲ್ಲಿ. ನಿಮ್ಮೂರ ಕೆರೆಗೆ ಊರ ಚರಂಡಿ ಬಂದು ಬೀಳ್ತೈತೆ ಅಂದ್ರೆ ಕೆಸರು ಕೆದಕೋ ಮೀನಿಗಿಂತ ಮೇಲೆ ಮೇಯೋ ಮೀನು ಮೇಲು. ಇಷ್ಟು ಲೆಕ್ಕ ಹಾಕೋಕೆ ಯಾವ ಡಿಗ್ರಿನೂ ಬ್ಯಾಡ.

ಈಗ ಕೊಬ್ಬು. ಸಾಕಿದ ಮೀನು ಬರೀ ಕೊಬ್ಬು, ಕೊಬ್ಬಲ್ಲೇ ವಿಷ, ಕೊಬ್ಬು ತೆಗೆದು ಹುಣಸೆಹಣ್ಣು ಅರಿಶಿನ ಹಾಕಿ ಮೂರು ಸಲ ತೊಳೆದ್ರೆ ಎಲ್ಲಾ ಹೋಗ್ತೈತೆ ಅಂತಾರೆ. ಒಂದೊಂದಾಗಿ ಬಿಡಿಸಾಣ. ನಮ್ಮ ಕೆರೆ ರೋಹು ಕಾಟ್ಲಾದಲ್ಲಿ ನೂರು ಗ್ರಾಂಗೆ ಕೊಬ್ಬು ಒಂದೆರಡು ಗ್ರಾಂ ಆಸುಪಾಸು, ಅಷ್ಟೇ. ಕುರಿ ಮಾಂಸದ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಸಾಕಿದ ಮೀನು ಕೊಬ್ಬು ಅನ್ನೋ ಮಾತು ಹುಟ್ಟಿದ್ದು ಹೊರದೇಶದ ಸಾಲ್ಮನ್ ಮೀನಿಂದ. ಹೊಳೇಲಿ ಕಡಲಲ್ಲಿ ಈಜಿ ಬೆಳೆದ ಸಾಲ್ಮನ್‌ನಲ್ಲಿ ನೂರು ಗ್ರಾಂಗೆ 6 ಗ್ರಾಂ ಕೊಬ್ಬಿದ್ರೆ, ಬಲೆ ಕಟ್ಟಿ ಸಾಕಿದ್ರಲ್ಲಿ 13 ಗ್ರಾಂ. 2004ರಲ್ಲಿ ಅಮೆರಿಕದ ವಿಜ್ಞಾನಿಗಳು ಸಾಕಿದ ಸಾಲ್ಮನ್ ಕೊಬ್ಬಲ್ಲಿ ಪಿಸಿಬಿ ಅನ್ನೋ ರಾಸಾಯನಿಕ ಜಾಸ್ತಿ ಕಂಡು ದೊಡ್ಡ ಗಲಾಟೆ ಆಯ್ತು. ಆ ಗಲಾಟೆನ ತಂದು ನಮ್ಮ ಕಾಟ್ಲಾ ತಲೆಗೆ ಕಟ್ಟೋದು ನ್ಯಾಯ ಅಲ್ಲ.

ಮುಖ್ಯ ಮಾತು ಇದು, ಇದನ್ನ ಮಾತ್ರ ಎಲ್ಲಾರೂ ನೆನಪಿಟ್ಕಳ್ರಿ. ಡಿಡಿಟಿ, ಪಿಸಿಬಿ ಅಂತಾವು ಕೊಬ್ಬಲ್ಲಿ ಕೂರ್ತವೆ. ಚರ್ಮ, ಹೊಟ್ಟೆ ಕೊಬ್ಬು ತೆಗೆದ್ರೆ ಅವು ಕಮ್ಮಿ ಆಗ್ತವೆ. ಪಾದರಸ ಕೊಬ್ಬಲ್ಲಿ ಕೂರಲ್ಲ, ಮಾಂಸದಲ್ಲೇ ಬೆಸೆದಿರ್ತೈತೆ. ಹುಣಸೆ ಹುಳಿ, ಉಪ್ಪು, ಅರಿಶಿನ, ನಿಂಬೆಹಣ್ಣು ಯಾವುದಕ್ಕೂ ಅದು ಬಿಡಲ್ಲ. ಕುದಿಸಿದ್ರೂ ಹೋಗಲ್ಲ, ಹುರಿದ್ರೂ ಹೋಗಲ್ಲ. ಸೀಸ ಜಾಸ್ತಿ ಸೇರೋದು ಮೂಳೆ, ಕಿವಿರು, ಚರ್ಮಕ್ಕೆ. ಕ್ಯಾಡ್ಮಿಯಂ ಕೂರೋದು ಪಿತ್ತಜನಕಾಂಗ, ಮೂತ್ರಪಿಂಡ ಅಂದ್ರೆ ಹೊಟ್ಟೆ ಒಳಗಿನ ಭಾಗದಲ್ಲಿ. ಅದ್ಕೆ ಕರುಳು ಕಿವಿರು ಚೊಕ್ಕ ತೆಗೆಯೋ ನಮ್ಮ ಅಜ್ಜಿ ಕಾಲದ ಪದ್ಧತಿ ಸರಿಯಾಗೇ ಐತೆ. ತಲೆ ಸಾರು ಮಾಡಬೇಕಾದ್ರೆ ಕಿವಿರು ಪೂರಾ ಕಿತ್ತು ಹಾಕ್ರಿ. ಪಾದರಸಕ್ಕೆ ಮಾತ್ರ ಅಡುಗೆ ಮನೇಲಿ ಮದ್ದಿಲ್ಲ. ಅದಕ್ಕೆ ಮದ್ದಿರೋದು ಕೆರೆ ಏರಿ ಮೇಲೆ.

ಇನ್ನು ಕೊಬ್ಬು ಅಂದ್ರೆ ಎಲ್ಲಾ ಕೆಟ್ಟದ್ದೂ ಅಲ್ಲ. ಮಳೆಗಾಲ ಕಳೆದ ಮೇಲೆ ಬರೋ ಬೂತಾಯಿ ಬಾಣಲೆಗೆ ಹಾಕಿದ್ರೆ ತನ್ನ ಎಣ್ಣೇಲೇ ಬೇಯ್ತೈತಲ್ಲ, ಆ ಎಣ್ಣೇನೇ ಡಾಕ್ಟ್ರು ಹೇಳೋ ಒಮೇಗಾ. ಸಣ್ಣ ಮೀನು, ವಯಸ್ಸು ಕಮ್ಮಿ, ಮೇಯೋದು ಕಡಲ ಪಾಚಿ ಜೀವಿ. ಎಣ್ಣೆ ಜಾಸ್ತಿ, ಪಾದರಸ ಕಮ್ಮಿ, ಬೆಲೆ ಅಂಜಲಿಗಿಂತ ಎಷ್ಟೋ ಕಮ್ಮಿ. ಮಂಗಳೂರು ಕಡೆ ಗಾಡಿ ಬಂದಾಗ ಸಣ್ಣ ಮೀನು ಕೇಳಿ ತಗಳ್ರಿ, ನಾಚಿಕೆ ಪಡಬ್ಯಾಡ್ರಿ.

ಈಗ ನಾನು ಯಾರ ಮೇಲೆ ಬರೀತಿದ್ದೀನೋ ಅವರ ಕಡೆ ತಿರುಗ್ತೀನಿ.

ಮೊದಲನೇದು ನಾವೇ. ನಮ್ಮ ಕೆರೆ ಮೇಲ್ಗಡೆ ಕಾರ್ಖಾನೆ ಇಲ್ಲ. ಬಾಬಾಬುಡನ್‌ಗಿರಿ ಸಾಲಿಂದ ಇಳಿಯೋ ನೀರು ಅಯ್ಯನಕೆರೆ, ಮದಗದಕೆರೆಗೆ ಬಂದು ಬಯಲುಸೀಮೆ ಹೊಲ ತೋಟ ತೋಯಿಸ್ತೈತೆ. ಇಂಥಾ ನೀರಿಗೆ ಲೋಹ ಹಾಕೋರು ಯಾರು? ಹಿಂದೆ ಗೌರಿ ಗಣಪತಿ ಕೆರೆ ಮಣ್ಣಲ್ಲೇ ಮಾಡಿ ಕೆರೆಗೇ ಬಿಡ್ತಿದ್ವಿ, ಮಣ್ಣು ಮಣ್ಣಿಗೆ ಸೇರ್ತಿತ್ತು. ಈಗ ಆಳೆತ್ತರದ ಪಿಓಪಿ ಗಣಪತಿ, ಮೈ ತುಂಬ ಹೊಳೆಯೋ ಹಳದಿ, ಕೆಂಪು, ಬಂಗಾರದ ಬಣ್ಣ. ಅಂಥ ಬಣ್ಣದಲ್ಲಿ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಇರ್ತವೆ ಅಂತಾನೇ ರಾಜ್ಯದ ಮಾಲಿನ್ಯ ಮಂಡಳಿ 2016ರಲ್ಲೇ ಪಿಓಪಿ ಗಣಪತಿ ಕೆರೆಗೆ ಬಿಡಬಾರದು ಅಂತ ಆದೇಶ ಮಾಡ್ತು, ಕೇಂದ್ರದೋರು 2020ರಲ್ಲಿ ಮತ್ತೆ ಹೇಳಿದ್ರು. ಆದೇಶ ಕಾಗದದಲ್ಲಿ ಕೂತೈತೆ, ಗಣಪತಿ ಕೆರೇಲಿ ಕೂತವ್ನೆ. ಬಿಡೋವಾಗ ಡಿಜೆ ಹಾಕಿ ಕುಣಿಯೋ ಹುಡುಗ್ರು ನಮ್ಮ ಮಕ್ಕಳೇ. ಚಂದಾ ಕೊಡೋರು ನಾವೇ. ಮಣ್ಣಿನ ಗಣಪತಿ ಆದ್ರೆ ಚಂದಾ, ಪಿಓಪಿ ಆದ್ರೆ ಒಂದು ರೂಪಾಯಿನೂ ಇಲ್ಲ ಅಂತ ನಾವು ಹೆಂಗಸರು ಒಟ್ಟಾಗಿ ಅಂದ್ರೆ ಒಂದೇ ವರ್ಷಕ್ಕೆ ನಿಲ್ತೈತೆ.

ದೇವರ ಮಾತು ಬಂತು ಅಂತ ಯಾರೂ ಬೇಜಾರಾಗಬ್ಯಾಡ್ರಿ. ಜೈಮಿನಿ ಭಾರತ ಬರೆದ ಲಕ್ಷ್ಮೀಶ ನಮ್ಮೂರೋನು ಅಂತ ಎದೆ ತಟ್ಕಂಡು ಹೇಳ್ಕಳ್ತೀವಿ, ಲಕ್ಷ್ಮೀಕಾಂತನ ಗುಡಿ ಮುಂದೆ ದಿನಾ ಕೈ ಮುಗೀತೀವಿ. ಆ ಊರ ಕೆರೆಗೆ ಸೀಸ ಸುರಿಯೋದು ಯಾವ ಭಕ್ತಿ?

ಎರಡನೇದು ಮನೆ ಕಸ. ಸತ್ತ ಬ್ಯಾಟರಿ, ಟಾರ್ಚ್ ಸೆಲ್ಲು, ಒಡೆದ ಟ್ಯೂಬ್‌ಲೈಟು, ಹಳೇ ಸಿಎಫ್‌ಎಲ್ ಬಲ್ಬು, ಬಣ್ಣದ ಡಬ್ಬಿ, ತೋಟಕ್ಕೆ ಹೊಡೆದ ಔಷಧಿ ಬಾಟ್ಲಿ, ಎಲ್ಲಾ ಒಂದು ಚೀಲಕ್ಕೆ ಕಟ್ಟಿ ಕೆರೆ ಕೋಡಿ ಹತ್ರ ಎಸೆಯೋದು. ಒಂದು ಹಳೇ ಗಾಜಿನ ಥರ್ಮಾಮೀಟರಲ್ಲಿ ಅರ್ಧ ಗ್ರಾಂಗೆ ಕಮ್ಮಿ ಇಲ್ಲದಂಗೆ ಪಾದರಸ ಇರ್ತೈತೆ. ಅರ್ಧ ಗ್ರಾಂ ಅಂದ್ರೆ 500 ಮಿಲಿಗ್ರಾಂ. ಕೆಜಿಗೆ 0.5 ಮಿಲಿಗ್ರಾಂ ಲೆಕ್ಕ ಹಿಡಿದ್ರೆ ಸಾವಿರ ಕೆಜಿ ಮೀನನ್ನ ಮಿತಿ ಅಂಚಿಗೆ ತಂದು ನಿಲ್ಲಿಸೋವಷ್ಟು. ಎಸೆದಿದ್ದೆಲ್ಲ ಮೀನಿನ ಹೊಟ್ಟೆಗೇ ಹೋಗಲ್ಲ, ಒಪ್ತೀನಿ. ಆದ್ರೆ ಎಸೆದಿದ್ದು ಎಲ್ಲಿಗೂ ಹೋಗಲ್ಲ ಅನ್ನೋದೂ ಅಷ್ಟೇ ನಿಜ. ಬ್ಯಾಸಿಗೇಲಿ ಕೆರೆ ಒಣಗಿದಾಗ ಅದೇ ಗೋಡು ಮಣ್ಣನ್ನ ಟ್ರ್ಯಾಕ್ಟರಲ್ಲಿ ತುಂಬಿ ಅಡಿಕೆ ತೋಟಕ್ಕೆ, ತರಕಾರಿ ಮಡಿಗೆ ಹಾಕ್ಕಳ್ತೀವಿ. ಮೀನು ಬಿಟ್ಟೋರಿಗೂ ಅದು ಸೊಪ್ಪಲ್ಲಿ ಬರ್ತೈತೆ.

ಗೊಬ್ಬರದ ಮಾತೂ ಹೇಳಬೇಕು. ಡಿಎಪಿ, ಸೂಪರ್ ಫಾಸ್ಫೇಟ್ ಮಾಡೋದು ಬಂಡೆ ರಂಜಕದಿಂದ, ಅದರ ಜತೆ ಸ್ವಲ್ಪ ಕ್ಯಾಡ್ಮಿಯಂ ಬಂದೇ ಬರ್ತೈತೆ. ತೋಟಕ್ಕೆ ಹೊಡೆಯೋ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ, ಅಂದ್ರೆ ತಾಮ್ರ. ತಾಮ್ರ ನಮಗೆ ಅಷ್ಟು ಬಾಧಿಸದಿದ್ರೂ ಮೀನು ಮರಿಗೆ ಕಿವಿರು ಸುಟ್ಟಂಗೆ ಮಾಡ್ತೈತೆ. ಬಿಟ್ಟುಬಿಡ್ರಿ ಅಂದ್ರೆ ಯಾರೂ ಬಿಡಲ್ಲ, ನಮ್ಮ ತೋಟದಲ್ಲೂ ಬಿಟ್ಟಿಲ್ಲ. ಆದ್ರೆ ಕ್ಯಾನು ತೊಳೆದ ನೀರು ಹಳ್ಳಕ್ಕೆ ಚೆಲ್ಲೋದು, ಮಳೆ ಬರೋ ಹಿಂದಿನ ದಿನ ಸುರಿಯೋದು, ಇವನ್ನ ಬಿಡಬಹುದು.

ಮೂರನೇದು ಕೆರೆ ಹಿಡಿಯೋರು. ನಮ್ಮ ಸುತ್ತಿನ ಒಂದು ಕೆರೇಲಿ ಕಣ್ಣಾರೆ ಕಂಡಿದ್ದು ಹೇಳ್ತೀನಿ, ಹೆಸರು ಬ್ಯಾಡ. ಕೋಳಿ ಅಂಗಡಿ ಕರುಳು, ಪುಕ್ಕ, ತಲೆ ಚೀಲಗಟ್ಲೆ ತಂದು ಬೆಳಗಿನ ಜಾವ ನೀರಿಗೆ ಸುರೀತಿದ್ರು. ಮೂರು ದಿನ ಏರಿ ಮೇಲೆ ಮೂಗು ಬಿಡೋಕಾಗ್ಲಿಲ್ಲ. ಕೇಳಿದ್ರೆ, ಅಮ್ಮಾ ನಿಮಗ್ಯಾಕೆ, ದುಡ್ಡು ಕಟ್ಟಿ ಕೆರೆ ಹಿಡಿದಿರೋನು ನಾನು ಅಂದ. ಕೆರೆ ಮೀನು ಹಿಡಿದವ್ನೆ, ಕೆರೆನೇ ಕೊಂಡ್ಕಂಡಿಲ್ಲ. ಆ ನೀರಲ್ಲಿ ನಮ್ಮ ದನ ಕುಡೀತವೆ, ನಮ್ಮ ಬಟ್ಟೆ ಒಗೀತೀವಿ. ಹಿಂಗೆ ಕೋಳಿ ಕಸ ಹಾಕಿ ಸಾಕೋದು ಹೆಚ್ಚಾಗಿ ಆಫ್ರಿಕಾದ ಮೀಸೆ ಮೀನಿಗೆ, ಪೇಟೇಲಿ ಕ್ಯಾಟ್‌ಫಿಶ್ ಅಂತ ಮಾರೋದು. ಅದನ್ನ ಸಾಕಬಾರದು ಅಂತ ಕೇಂದ್ರ ಸರ್ಕಾರ 2000ನೇ ಇಸವೀಲೇ ನಿಷೇಧ ಮಾಡೈತೆ, ಯಾಕಂದ್ರೆ ಅದು ತಪ್ಪಿಸ್ಕಂಡು ಕೆರೆ ಹೊಳೆ ಸೇರಿದ್ರೆ ನಮ್ಮ ನಾಡ ಮೀನನ್ನೆಲ್ಲ ನುಂಗಿ ಹಾಕ್ತೈತೆ. ಇಂಥಾ ಸಾಕಣೆನ ಬಯ್ಯೋಕೆ ನಾನು ಮೊದಲನೇಳು. ಆದ್ರೆ ತೌಡು ಹಿಂಡಿ ಹಾಕಿ ಸಾಕೋ ರೈತನ ಕೃಷಿಹೊಂಡದ ರೋಹುನೂ, ಇದನ್ನೂ ಒಂದೇ ತಕ್ಕಡೀಲಿ ಹಾಕಿ ಸಾಕಿದ ಮೀನೆಲ್ಲ ವಿಷ ಅನ್ನೋರನ್ನ ಬಯ್ಯೋಕೂ ನಾನೇ ಮೊದಲನೇಳು.

ನಾಲ್ಕನೇದು ಪರೀಕ್ಷೆ ಮಾಡಬೇಕಾದೋರು. ಸಣ್ಣ ಕೆರೆ ಪಂಚಾಯ್ತಿ, ದೊಡ್ಡ ಕೆರೆ ಮೀನುಗಾರಿಕೆ ಇಲಾಖೆ ಹರಾಜು ಹಾಕ್ತಾರೆ. ದುಡ್ಡು ಎಣಿಸ್ಕಳ್ತಾರೆ. ಆ ದುಡ್ಡಲ್ಲಿ ವರ್ಷಕ್ಕೊಂದ್ಸಲ ಎರಡು ಮೀನು, ಒಂದು ಬೊಗಸೆ ಹೂಳು ಲ್ಯಾಬಿಗೆ ಕಳಿಸಿ, ಬಂದ ವರದಿನ ಪಂಚಾಯ್ತಿ ಬೋರ್ಡಿಗೆ ಅಂಟಿಸಿದ್ರೆ ಏನು ಗಂಟು ಹೋಗ್ತೈತೆ? ಫ್ಲೋರೈಡಿಗೆ ಅಂತ ಬೋರ್‌ವೆಲ್ ನೀರು ಪರೀಕ್ಷೆ ಮಾಡಲ್ವಾ? ಹಂಗೆ ಇದೂ. ವರದಿ ಒಂದು ಕೈಲಿದ್ರೆ ಹೆದರಿಸೋರ ಬಾಯೂ ಮುಚ್ತೈತೆ, ಸುರಿಯೋರ ಕೈಯೂ ನಿಲ್ತೈತೆ.

ಅವರು ಮಾಡದಿದ್ರೆ ನಮಗೂ ದಾರಿ ಐತೆ. 2006ರ ಆಹಾರ ಸುರಕ್ಷತೆ ಕಾಯ್ದೇಲಿ 40ನೇ ಕಲಂ ಅಂತ ಐತೆ. ಕೊಂಡ ಆಹಾರನ ಯಾರು ಬೇಕಾದ್ರೂ ಶುಲ್ಕ ಕಟ್ಟಿ ಸರ್ಕಾರದ ಆಹಾರ ವಿಶ್ಲೇಷಕರ ಹತ್ರ ಪರೀಕ್ಷೆ ಮಾಡಿಸಬಹುದು, ವರದಿ ಕೈಗೆ ಕೊಡಬೇಕು. ತಗಳೋವಾಗ್ಲೇ ಮಾರೋನಿಗೆ, ಇದನ್ನ ಪರೀಕ್ಷೆಗೆ ಕಳಿಸ್ತೀನಿ ಅಂತ ಹೇಳಿರಬೇಕು. ಕಾನೂನು ಮೀರಿದ್ದು ಏನಾದ್ರೂ ಸಿಕ್ರೆ ಕಟ್ಟಿದ ಶುಲ್ಕ ವಾಪಸ್ ಬರ್ತೈತೆ. ಒಬ್ಬಳ ಕೈಲಿ ಆಗದಿದ್ರೆ ಸ್ತ್ರೀಶಕ್ತಿ ಸಂಘದಿಂದ ಹತ್ತು ಜನ ಸೇರಿ ಮಾಡಬಹುದು. ಸಾಲಕ್ಕೆ, ಚೀಟಿಗೆ ಅಷ್ಟೊಂದು ಸೇರ್ತೀವಿ, ತಟ್ಟೆಗೆ ಒಂದ್ಸಲ ಸೇರಾಣ.

ಕೊನೇಗೆ ಮನೆ ಮಟ್ಟಿಗೆ ನಾನು ಇಟ್ಕಂಡಿರೋ ಲೆಕ್ಕ ಹೇಳಿ ಮುಗಿಸ್ತೀನಿ, ಬೇಕಾದೋರು ಇಟ್ಕಳ್ರಿ. ವಾರಕ್ಕೆ ಎರಡು ಸಲ ಮೀನು, ಬಿಡೋ ಮಾತೇ ಇಲ್ಲ. ಒಂದೇ ಜಾತಿ ತಿಂತಾ ಕೂರಲ್ಲ, ಒಂದ್ಸಲ ಕೆರೇದು, ಒಂದ್ಸಲ ಬೂತಾಯಿ ಬಂಗುಡೆ. ಕೆರೇದ್ರಲ್ಲಿ ಒಂದೊಂದೂವರೆ ಕೆಜಿ ತೂಗೋ ಕಾಟ್ಲಾ ರೋಹು, ಗಾತ್ರ ನೋಡಿ ಮರುಳಾಗೋದಿಲ್ಲ. ಕಿವಿರು, ಕರುಳು, ಹೊಟ್ಟೆ ಒಳಗಿನ ಕಪ್ಪು ಪೊರೆ, ಹಳದಿ ಕೊಬ್ಬು ತೆಗೆದು ಗುಂಡಿಗೆ ಹಾಕ್ತೀನಿ, ಕೆರೆಗಲ್ಲ. ಬಸುರಿ, ಬಾಣಂತಿ, ಆರು ವರ್ಷದೊಳಗಿನ ಮಕ್ಕಳಿಗೆ ದೊಡ್ಡ ಬೇಟೆ ಮೀನು, ಅಂಜಲ್ ಸಹಿತ, ಬಡಿಸಲ್ಲ. ಊರ ಚರಂಡಿ ನೇರ ಬೀಳೋ ಕೆರೆ ಮೀನು ಎಷ್ಟೇ ಅಗ್ಗ ಅಂದ್ರೂ ತರಲ್ಲ. ಬೆಂಗ್ಳೂರಲ್ಲಿರೋ ಮಕ್ಕಳೂ ಅಲ್ಲಿ ನೊರೆ ಉಕ್ಕೋ ಬೆಳ್ಳಂದೂರು, ವರ್ತೂರು ಅಂಥಾ ಕೆರೆ ಮೀನು ಯಾರಾದ್ರೂ ತಂದು ಮಾರಿದ್ರೆ ತಗಳಬ್ಯಾಡ್ರಿ. ನಿಮ್ಮ ಹೆದರಿಕೆ ಆ ಕೆರೆಗಳ ಮಟ್ಟಿಗೆ ನ್ಯಾಯವಾದ್ದು. ಅದನ್ನ ಅಯ್ಯನಕೆರೆ ಮೇಲೆ ಹೇರಬ್ಯಾಡ್ರಿ.

ಇನ್ನು ಮುಂದೆ ಕೆರೆ ಮೀನು ವಿಷ ಅನ್ನೋ ವಿಡಿಯೋ ಬಂದ್ರೆ ಕಳಿಸಿದೋರಿಗೆ ಒಂದೇ ಪ್ರಶ್ನೆ ಹಾಕ್ರಿ. ಯಾವ ಕೆರೆ, ಯಾವ ಮೀನು, ಯಾವ ಲೋಹ, ಎಷ್ಟು? ಅದೇ ಪ್ರಶ್ನೇನ ಬರೋ ಗ್ರಾಮಸಭೇಲಿ ಎದ್ದು ನಿಂತು ಪಂಚಾಯ್ತಿಯೋರಿಗೂ ಹಾಕ್ರಿ. ನಾನಂತೂ ಹಾಕ್ತೀನಿ. ನನ್ನ ಪಕ್ಕದ ಕುರ್ಚಿ ಖಾಲಿ ಬಿಡಬ್ಯಾಡ್ರಿ.